ಲಿನಕ್ಸ್‌ನಲ್ಲಿ ಸೌಂಡ್ ಬರುತ್ತಿಲ್ಲವೇ? ತಳದಿಂದ ಮೇಲಕ್ಕೆ ಹುಡುಕುವ ಕ್ರಮ

ತುಮಕೂರಿನ ಹಾಸ್ಟೆಲ್ ರೂಮುಗಳಿಂದ, ಬಿ.ಎಚ್. ರಸ್ತೆಯ ಡಿಟಿಪಿ ಅಂಗಡಿಗಳಿಂದ, ಶಿರಾ, ತಿಪಟೂರು, ಮಧುಗಿರಿ ಕಡೆಯ ಶಾಲಾ ಲ್ಯಾಬುಗಳಿಂದ ಬರುವ ದೂರು ಒಂದೇ ಥರದ್ದು: "ಲಿನಕ್ಸ್ ಹಾಕಿದ್ವಿ, ಎಲ್ಲಾ ಚೆನ್ನಾಗಿದೆ, ಸೌಂಡ್ ಮಾತ್ರ ಬರ್ತಿಲ್ಲ." ಅದಕ್ಕೆ ಅವರು ಮಾಡಿರುವ ಉಪಾಯಗಳೂ ಬಹುತೇಕ ಒಂದೇ. ಮೊದಲು ವಾಲ್ಯೂಮ್ ಏರಿಸಿ ಇಳಿಸಿರುತ್ತಾರೆ. ಆಮೇಲೆ ಇಂಟರ್ನೆಟ್‌ನಲ್ಲಿ ಸಿಕ್ಕ ಹತ್ತಾರು ವರ್ಷ ಹಳೆಯ ಆಜ್ಞೆಗಳನ್ನು ಒಂದರ ಮೇಲೊಂದು ಓಡಿಸಿರುತ್ತಾರೆ. ಕೊನೆಗೆ ಇಡೀ ಲಿನಕ್ಸನ್ನೇ ಅಳಿಸಿ ಮತ್ತೆ ಹಾಕಿರುತ್ತಾರೆ. ಆಗಲೂ ಸೌಂಡ್ ಬರುವುದಿಲ್ಲ, ಏಕೆಂದರೆ ತೊಡಕು ಎಲ್ಲಿದೆ ಎಂದು ಯಾರೂ ನೋಡಿಲ್ಲ.

ಓವರ್‌ಹೆಡ್ ಟ್ಯಾಂಕಿನಲ್ಲಿ ನೀರೇ ಇಲ್ಲದಿದ್ದರೆ ನಲ್ಲಿ ಬದಲಿಸಿ ಏನೂ ಬರುವುದಿಲ್ಲ. ಸೌಂಡ್ ವಿಷಯವೂ ಹಾಗೇ. ಕೆಳಗಡೆ ಚಿಪ್, ಅದರ ಮೇಲೆ ಕರ್ನಲ್‌ನ (ಲಿನಕ್ಸ್‌ನ ತಿರುಳು) ಡ್ರೈವರ್, ಡ್ರೈವರಿಗೆ ಬೇಕಾದ ಫರ್ಮ್‌ವೇರ್, ಅದರ ಮೇಲೆ ಆಲ್ಸಾ (ಕರ್ನಲ್‌ನ ಸೌಂಡ್ ವ್ಯವಸ್ಥೆ) ಮಿಕ್ಸರ್, ಅದರ ಮೇಲೆ ಪೈಪ್‌ವೈರ್ ಅಥವಾ ಪಲ್ಸ್‌ಆಡಿಯೊ ಎಂಬ ಸೌಂಡ್ ಸರ್ವರ್, ಎಲ್ಲಕ್ಕಿಂತ ಮೇಲೆ ನಿಮ್ಮ ಬ್ರೌಸರ್. ಕೆಳಗಿನಿಂದ ಒಂದೊಂದೇ ಮೆಟ್ಟಿಲು ಪರೀಕ್ಷಿಸುತ್ತಾ ಬನ್ನಿ. ಯಾವ ಮೆಟ್ಟಿಲಲ್ಲಿ ಉತ್ತರ ತಪ್ಪಾಗಿ ಬರುತ್ತದೋ ಅಲ್ಲೇ ನಿಲ್ಲಿ. ಅದು ಸರಿಯಾಗುವವರೆಗೆ ಮುಂದಿನದನ್ನು ಮುಟ್ಟಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಹಾಳೆಯ ಮೇಲೆ ಬರೆದಿಡಿ.

ಆಜ್ಞೆಗಳನ್ನು ಇಲ್ಲಿ ಓದುವ ಹಾಗೆ ಕನ್ನಡ ಅಕ್ಷರಗಳಲ್ಲೇ ಕೊಟ್ಟಿದ್ದೇನೆ. ಟರ್ಮಿನಲ್‌ನಲ್ಲಿ (ಆಜ್ಞೆ ಕೊಡುವ ಕಿಟಕಿ) ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಎಂದು ಹೇಳಿರುವ ಕಡೆ ಬಿಟ್ಟರೆ ಉಳಿದೆಲ್ಲ ಸಣ್ಣಕ್ಷರ. ಉಚ್ಚಾರಣೆಯಿಂದ ತಪ್ಪಾಗಬಹುದಾದ ಕಡೆ ಅಕ್ಷರ ಬಿಡಿಸಿ ಹೇಳಿದ್ದೇನೆ.

ಶುರು ಮಾಡುವ ಮುನ್ನ ಕೈಯಲ್ಲಿರಬೇಕಾದ್ದು

ಮೊಬೈಲಿಗೆ ಹಾಕಿ ಕೇಳಿ, ಕೆಲಸ ಮಾಡುತ್ತದೆ ಎಂದು ಖಾತ್ರಿಯಾದ ತಂತಿಯ ಇಯರ್‌ಫೋನ್ ಒಂದು ಬೇಕು. ಬ್ಲೂಟೂತ್ ಬೇಡ. ಅದು ಬೇರೆಯೇ ದಾರಿ, ಈಗ ಅದನ್ನು ಸೇರಿಸಿದರೆ ಗೊಂದಲ ಹೆಚ್ಚುತ್ತದೆ. ಇಂಟರ್ನೆಟ್ ಬೇಕು. ವೈಫೈ ಇಲ್ಲದಿದ್ದರೆ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಟೆದರಿಂಗ್ ಆನ್ ಮಾಡಿದರೆ ಸಾಕು. ಹೊಸ ಆವೃತ್ತಿಯ ಲಿನಕ್ಸ್ ಇರುವ ಒಂದು ಲೈವ್ ಪೆನ್‌ಡ್ರೈವ್ (ಇನ್‌ಸ್ಟಾಲ್ ಮಾಡದೆ ನೇರವಾಗಿ ಬೂಟ್ ಆಗುವಂಥದ್ದು) ಇದ್ದರೆ ಕೊನೆಯ ಹಂತದಲ್ಲಿ ಬಹಳ ಉಪಯೋಗ.

ಮೂರು ಪ್ಯಾಕೇಜುಗಳನ್ನು ಹಾಕಿಕೊಳ್ಳಿ. ಡೆಬಿಯನ್, ಉಬುಂಟು, ಮಿಂಟ್‌ಗಳಲ್ಲಿ ಅವುಗಳ ಹೆಸರು ಆಲ್ಸಾ-ಯುಟಿಲ್ಸ್, ಪಲ್ಸ್‌ಆಡಿಯೊ-ಯುಟಿಲ್ಸ್, ಪಾವುಕಂಟ್ರೋಲ್. ಕೊನೆಯದರ ಅಕ್ಷರಗಳು ಪಿ, ಎ, ವಿ, ಯು, ಮುಂದೆ ಕಂಟ್ರೋಲ್. ಎಲ್ಲ ಸೇರಿ ಒಂದೇ ಪದ. ಆಲ್ಸಾ ಎಂದರೆ ಎ, ಎಲ್, ಎಸ್, ಎ. ಸುಡೊ (ಎಸ್, ಯು, ಡಿ, ಓ) ಎಂದರೆ ಯಂತ್ರದ ಒಡೆಯನ, ಅಂದರೆ ರೂಟ್‌ನ, ಅಧಿಕಾರದಲ್ಲಿ ಓಡಿಸು ಎಂದರ್ಥ; ಎಪಿಟಿ ಎಂದರೆ ಪ್ಯಾಕೇಜ್ ಇಳಿಸಿ ಹಾಕುವ ಪ್ರೋಗ್ರಾಂ.

ಸುಡೊ ಎಪಿಟಿ ಇನ್‌ಸ್ಟಾಲ್ ಆಲ್ಸಾ-ಯುಟಿಲ್ಸ್ ಪಲ್ಸ್‌ಆಡಿಯೊ-ಯುಟಿಲ್ಸ್ ಪಾವುಕಂಟ್ರೋಲ್

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ಆದರೆ ಇಲ್ಲಿ ಒಂದು ನಿಮಿಷ ನಿಲ್ಲಿ. ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಕರೆಂಟ್ ಹೋದಾಗಲೆಲ್ಲ ತಾರೀಕು ಹಿಂದಕ್ಕೆ ಓಡುತ್ತದೆ. ತಾರೀಕು ತಪ್ಪಿದ್ದರೆ ಎಪಿಟಿ "ಈ ರಿಲೀಸ್ ಫೈಲ್ ಇನ್ನೂ ಜಾರಿಗೆ ಬಂದಿಲ್ಲ" ಎಂಬ ಅರ್ಥದ ತಕರಾರು ತೆಗೆದು ಏನನ್ನೂ ಇಳಿಸಿಕೊಳ್ಳುವುದಿಲ್ಲ. ಅದನ್ನು ಸೌಂಡಿನ ದೋಷ ಎಂದುಕೊಳ್ಳಬೇಡಿ. ತಾರೀಕು ಸರಿಮಾಡಿ, ಬ್ಯಾಟರಿ ಬದಲಿಸಿ.

ಹಂತ 1: ತಂತಿ, ರಂಧ್ರ, ಬಯಾಸ್

ಡೆಸ್ಕ್‌ಟಾಪ್‌ನ ಹಿಂಬದಿಯಲ್ಲಿ ಸ್ಪೀಕರಿಗೆ ತಿಳಿಹಸಿರು ರಂಧ್ರ, ಮೈಕ್‌ಗೆ ಗುಲಾಬಿ, ಹೊರಗಿನ ಪ್ಲೇಯರಿಂದ ಸೌಂಡ್ ಒಳತರಲು ನೀಲಿ. ಮುಂಬದಿಯ ರಂಧ್ರಗಳನ್ನು ಸದ್ಯಕ್ಕೆ ನಂಬಬೇಡಿ. ಕ್ಯಾಬಿನೆಟ್ ಬದಲಿಸುವಾಗ ಮುಂಬದಿಯ ತಂತಿಯನ್ನು ಬೋರ್ಡಿಗೆ ಸಿಕ್ಕಿಸದೆ ಬಿಟ್ಟಿರುವುದು ತುಂಬ ಸಾಮಾನ್ಯ.

ಲ್ಯಾಪ್‌ಟಾಪ್‌ನಲ್ಲಿ ಒಂದೇ ರಂಧ್ರ ಇದ್ದರೆ ಅದು ಸೌಂಡ್ ಮತ್ತು ಮೈಕ್ ಎರಡಕ್ಕೂ. ಲ್ಯಾಬುಗಳ ಹಳೆಯ ಹೆಡ್‌ಸೆಟ್‌ಗಳಲ್ಲಿ ಎರಡು ಪ್ರತ್ಯೇಕ ಪಿನ್ ಇರುತ್ತವೆ. ಅಂಥದ್ದರಲ್ಲಿ ಒಂದು ಪಿನ್ ಮಾತ್ರ ಸಿಕ್ಕಿಸಿ "ಮೈಕ್ ಕೆಲಸ ಮಾಡುತ್ತಿಲ್ಲ" ಎಂದು ದಿನಗಟ್ಟಲೆ ಹುಡುಕುವವರಿದ್ದಾರೆ. ಮೊಬೈಲ್ ಇಯರ್‌ಫೋನಿನ ಪಿನ್ ಮೇಲೆ ಮೂರು ಕಪ್ಪು ಗೆರೆ ಇದ್ದರೆ ಅದರಲ್ಲಿ ಮೈಕ್ ಇದೆ, ಎರಡೇ ಇದ್ದರೆ ಇಲ್ಲ.

ಬಯಾಸ್‌ಗೆ (ಯಂತ್ರ ಆನ್ ಆದ ಕೂಡಲೇ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ ಆನ್‌ಬೋರ್ಡ್ ಆಡಿಯೊ ಅಥವಾ ಎಚ್‌ಡಿ ಆಡಿಯೊ ಎಂಬುದು ಎನೇಬಲ್ಡ್ ಆಗಿದೆಯೇ ನೋಡಿ. ಅದೇ ಯಂತ್ರದಲ್ಲಿ ವಿಂಡೋಸ್ ಕೂಡ ಇದ್ದರೆ ಅದರ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದಾಗ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಕೆಲವು ಸೌಂಡ್ ಚಿಪ್‌ಗಳು ಅರೆಬರೆ ಸ್ಥಿತಿಯಲ್ಲಿ ಲಿನಕ್ಸ್ ಕೈಗೆ ಸಿಗುತ್ತವೆ. ಯಂತ್ರ ಪೂರ್ತಿ ಆಫ್ ಮಾಡಿ, ಪ್ಲಗ್ ಕಿತ್ತು, ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು, ಆಮೇಲೆ ಶುರು ಮಾಡಿ. ವಿಂಡೋಸ್‌ನಿಂದ ರೀಸ್ಟಾರ್ಟ್ ಮಾಡಿ ಬಂದಾಗ ಮಾತ್ರ ಸೌಂಡ್ ಇರುವುದಿಲ್ಲ, ಪೂರ್ತಿ ಆಫ್ ಮಾಡಿ ಬಂದರೆ ಇರುತ್ತದೆ ಎನ್ನುವುದಾದರೆ ಕಾರಣ ಚಿಪ್‌ನ ಆ ಅರೆಬರೆ ಸ್ಥಿತಿಯೇ.

ಹಂತ 2: ಕರ್ನಲ್‌ಗೆ ಚಿಪ್ ಕಾಣುತ್ತಿದೆಯೇ?

ಎಲ್‌ಎಸ್‌ಪಿಸಿಐ -ಕೆ

ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ಆಡಿಯೊ ಡಿವೈಸ್ ಅಥವಾ ಮಲ್ಟಿಮೀಡಿಯಾ ಆಡಿಯೊ ಕಂಟ್ರೋಲರ್ ಎಂಬ ಸಾಲು ಹುಡುಕಿ. ಅದರ ಕೆಳಗೇ "ಕರ್ನಲ್ ಡ್ರೈವರ್ ಇನ್ ಯೂಸ್" ಎಂಬ ಸಾಲು ಇರಬೇಕು. ಹಳೆಯ ಇಂಟೆಲ್ ಯಂತ್ರಗಳಲ್ಲೂ ಹೆಚ್ಚಿನ ಎಎಮ್‌ಡಿ ಯಂತ್ರಗಳಲ್ಲೂ ಅಲ್ಲಿ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಎಂದಿರುತ್ತದೆ. ಎಎಮ್‌ಡಿ ಯಂತ್ರದಲ್ಲಿ ಇಂಟೆಲ್ ಹೆಸರು ಕಂಡು ಗಾಬರಿಯಾಗಬೇಡಿ, ಆ ಡ್ರೈವರ್ ಎರಡಕ್ಕೂ ಒಂದೇ.

ಆಡಿಯೊ ಸಾಲು ಎರಡು ಕಡೆ ಕಂಡರೆ ಅದೂ ಸಹಜ. ಒಂದು ಬೋರ್ಡಿನ ಸೌಂಡ್ ಚಿಪ್, ಇನ್ನೊಂದು ಗ್ರಾಫಿಕ್ಸ್ ಚಿಪ್‌ನೊಳಗಿರುವ, ಎಚ್‌ಡಿಎಮ್‌ಐ ಕೇಬಲ್ ಮೂಲಕ ಸೌಂಡ್ ಕಳಿಸುವ ಭಾಗ. ಈ ಎರಡರ ನಡುವಿನ ಗೊಂದಲ ಮುಂದೆ ದೊಡ್ಡ ಪಾತ್ರ ವಹಿಸುತ್ತದೆ.

ಸಾಲೇ ಇಲ್ಲದಿದ್ದರೆ ಸಾಮಾನ್ಯವಾಗಿ ಬಯಾಸ್‌ನಲ್ಲಿ ಆಫ್ ಆಗಿದೆ ಅಥವಾ ಚಿಪ್ ಹಾಳಾಗಿದೆ. ಸಾಫ್ಟ್‌ವೇರ್‌ನಿಂದ ಅದು ಸರಿಯಾಗುವುದಿಲ್ಲ. ನೇರವಾಗಿ ಹಂತ 10ಕ್ಕೆ ಹೋಗಿ. ಯುಎಸ್‌ಬಿ ಸೌಂಡ್ ಕಾರ್ಡ್ ಬಳಸುತ್ತಿದ್ದರೆ ಅದು ಈ ಪಟ್ಟಿಯಲ್ಲಿ ಬರುವುದಿಲ್ಲ, ಎಲ್‌ಎಸ್‌ಯುಎಸ್‌ಬಿ ಎಂಬ ಆಜ್ಞೆಯಲ್ಲಿ ನೋಡಬೇಕು.

ಹಂತ 3: ಡ್ರೈವರ್ ಮತ್ತು ಫರ್ಮ್‌ವೇರ್

ಜನ ಹೆಚ್ಚು ಸೋಲುವುದು ಇಲ್ಲೇ, ಹಾಗಾಗಿ ನಿಧಾನವಾಗಿ ಮಾಡಿ.

ಎಪ್ಲೇ -ಎಲ್

ಎಪ್ಲೇ ಎಂದರೆ ಎ, ಪಿ, ಎಲ್, ಎ, ವೈ. ಅಡ್ಡಗೆರೆಯ ಮುಂದಿರುವುದು ಸಣ್ಣಕ್ಷರದ ಎಲ್, ಒಂದು ಎಂಬ ಅಂಕಿಯಲ್ಲ. ಉತ್ತರದಲ್ಲಿ ಕಾರ್ಡ್ 0, ಕಾರ್ಡ್ 1 ಎಂದು ಸಾಲುಗಳು ಬರುತ್ತವೆ. ಲೆಕ್ಕ ಸೊನ್ನೆಯಿಂದ ಶುರು. ಅನಲಾಗ್ ಎಂದಿರುವ, ಸಾಮಾನ್ಯವಾಗಿ ಎಎಲ್‌ಸಿ ಎಂದು ಶುರುವಾಗುವ ರಿಯಲ್‌ಟೆಕ್ ಚಿಪ್ ಹೆಸರಿರುವ ಸಾಲೇ ನಿಮ್ಮ ಸ್ಪೀಕರ್ ಮತ್ತು ಇಯರ್‌ಫೋನ್. ಅದರ ಕಾರ್ಡ್ ನಂಬರು, ಡಿವೈಸ್ ನಂಬರು ಎರಡನ್ನೂ ಹಾಳೆಯ ಮೇಲೆ ಬರೆದುಕೊಳ್ಳಿ, ಮುಂದಿನ ಹಂತಗಳಲ್ಲೆಲ್ಲ ಬೇಕಾಗುತ್ತದೆ.

"ನೋ ಸೌಂಡ್‌ಕಾರ್ಡ್ಸ್ ಫೌಂಡ್" ಎಂದು ಬಂದರೆ ಮೊದಲು ಅದೇ ಆಜ್ಞೆಯ ಮುಂದೆ ಸುಡೊ ಸೇರಿಸಿ ಇನ್ನೊಮ್ಮೆ ಓಡಿಸಿ. ಸುಡೊ ಹಾಕಿದಾಗ ಕಾರ್ಡ್ ಕಂಡು, ಹಾಕದಿದ್ದಾಗ ಕಾಣದಿದ್ದರೆ ಅದು ಡ್ರೈವರ್ ದೋಷವಲ್ಲ, ಅನುಮತಿಯ ದೋಷ. ಈಗಿನ ಲಿನಕ್ಸ್‌ಗಳಲ್ಲಿ ಯಂತ್ರದ ಮುಂದೆ ಕೂತು ಲಾಗಿನ್ ಆದವರಿಗೆ ಸೌಂಡ್ ಕಾರ್ಡಿನ ಅನುಮತಿ ತಾನಾಗಿ ಸಿಗುತ್ತದೆ. ದೂರದಿಂದ ಎಸ್‌ಎಸ್‌ಎಚ್ ಮೂಲಕ ಬಂದಿದ್ದರೆ ಸಿಗುವುದಿಲ್ಲ. ಬೇಕೇಬೇಕಿದ್ದರೆ ಆಡಿಯೊ ಗುಂಪಿಗೆ ಸೇರಿಸಬಹುದು:

ಸುಡೊ ಯೂಸರ್‌ಮಾಡ್ -ಎಜಿ ಆಡಿಯೊ ನಿಮ್ಮ_ಯೂಸರ್_ಹೆಸರು

ಇಲ್ಲಿ ಎ ಸಣ್ಣಕ್ಷರ, ಜಿ ದೊಡ್ಡಕ್ಷರ. ಆ ಎ ಬಿಟ್ಟುಹೋದರೆ ಉಳಿದ ಎಲ್ಲ ಗುಂಪುಗಳಿಂದಲೂ, ಸುಡೊ ಗುಂಪಿನಿಂದಲೂ, ನೀವು ಹೊರಬೀಳುತ್ತೀರಿ. ಆಮೇಲೆ ಯಂತ್ರ ನಿಮ್ಮ ಮಾತೇ ಕೇಳುವುದಿಲ್ಲ. ಎಂಟರ್ ಒತ್ತುವ ಮೊದಲು ಎರಡು ಸಲ ಓದಿಕೊಳ್ಳಿ.

ಸುಡೊ ಹಾಕಿದರೂ ಕಾರ್ಡ್ ಕಾಣದಿದ್ದರೆ ಕರ್ನಲ್ ಏನು ಹೇಳುತ್ತಿದೆ ಎಂದು ಕೇಳಬೇಕು. ಆಜ್ಞೆಯ ಹೆಸರು ಡಿ, ಎಮ್, ಇ, ಎಸ್, ಜಿ.

ಸುಡೊ ಡಿಮೆಸ್ಗ್ | ಗ್ರೆಪ್ -ಐ ಸಾಫ್

ಸಾಫ್ ಎಂದರೆ ಎಸ್, ಓ, ಎಫ್: ಸೌಂಡ್ ಓಪನ್ ಫರ್ಮ್‌ವೇರ್. ಈಚಿನ ಅನೇಕ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ, ಅದರಲ್ಲೂ ಪರದೆಯ ಅಂಚಿನಲ್ಲಿ ಡಿಜಿಟಲ್ ಮೈಕ್ ಇರುವವುಗಳಲ್ಲಿ, ಸೌಂಡನ್ನು ನೋಡಿಕೊಳ್ಳಲು ಚಿಕ್ಕದೊಂದು ಪ್ರೊಸೆಸರ್ ಇರುತ್ತದೆ. ಯಂತ್ರ ಶುರುವಾಗುವಾಗ ಕರ್ನಲ್ ಅದಕ್ಕೊಂದು ಫರ್ಮ್‌ವೇರ್ ಫೈಲ್ ಕೊಡಬೇಕು. ಆ ಫೈಲ್ ಡಿಸ್ಕಿನಲ್ಲಿ ಇಲ್ಲದಿದ್ದರೆ ಚಿಪ್ ಚೆನ್ನಾಗಿದ್ದರೂ ಡ್ರೈವರ್ ಇದ್ದರೂ ಕಾರ್ಡ್ ಹುಟ್ಟುವುದೇ ಇಲ್ಲ. ಉತ್ತರದಲ್ಲಿ ಫರ್ಮ್‌ವೇರ್ ಲೋಡ್ ಆಗಲಿಲ್ಲ ಎಂಬ ಅರ್ಥದ ಸಾಲಿನ ಜೊತೆ -2 ಎಂಬ ಸಂಖ್ಯೆ ಇದ್ದರೆ, ಫೈಲ್ ಸಿಗಲಿಲ್ಲ ಎಂದರ್ಥ.

ಹಾಕಬೇಕಾದ ಪ್ಯಾಕೇಜಿನ ಹೆಸರು ಡೆಬಿಯನ್‌ನಲ್ಲಿ ಫರ್ಮ್‌ವೇರ್-ಸಾಫ್-ಸೈನ್ಡ್, ಫೆಡೋರಾದಲ್ಲಿ ಆಲ್ಸಾ-ಸಾಫ್-ಫರ್ಮ್‌ವೇರ್, ಆರ್ಚ್‌ನಲ್ಲಿ ಸಾಫ್-ಫರ್ಮ್‌ವೇರ್. ಡೆಬಿಯನ್ 12 (2023)ರಿಂದ ಇಂಥ ಫರ್ಮ್‌ವೇರ್ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ. 11ರವರೆಗಿನ ಅಧಿಕೃತ ಇನ್‌ಸ್ಟಾಲರ್‌ನಲ್ಲಿ ಅದು ಇರಲಿಲ್ಲ. ಹಳೆಯ ಡಿವಿಡಿಯಿಂದ ಡೆಬಿಯನ್ ಹಾಕಿದ ಹೊಸ ಲ್ಯಾಪ್‌ಟಾಪ್ ಮೂಕವಾಗಿದ್ದರೆ ಮೊದಲ ಅನುಮಾನ ಇದರ ಮೇಲಿರಲಿ. ಪ್ಯಾಕೇಜ್ ಹಾಕಿದ ಮೇಲೆ ಯಂತ್ರ ಪೂರ್ತಿ ಆಫ್ ಮಾಡಿ ಆನ್ ಮಾಡಿ, ಲಾಗೌಟ್ ಸಾಲದು.

ಫರ್ಮ್‌ವೇರ್ ಹಾಕಿದರೂ ಆಗದಿದ್ದರೆ ಹಳೆಯ ಡ್ರೈವರನ್ನೇ ಬಳಸು ಎಂದು ಹೇಳಲು ಒಂದು ದಾರಿಯಿದೆ. ಈಟಿಸಿ ಫೋಲ್ಡರಿನ ಮಾಡ್‌ಪ್ರೋಬ್.ಡಿ ಒಳಗೆ ಸೌಂಡ್.ಕಾನ್ಫ್ ಎಂಬ ಹೊಸ ಫೈಲ್ ಮಾಡಿ, ಅದರಲ್ಲಿ ಈ ಒಂದೇ ಸಾಲು ಬರೆಯಿರಿ:

ಆಪ್ಷನ್ಸ್ ಎಸ್‌ಎನ್‌ಡಿ-ಇಂಟೆಲ್-ಡಿಎಸ್‌ಪಿಸಿಎಫ್‌ಜಿ ಡಿಎಸ್‌ಪಿ_ಡ್ರೈವರ್=1

ರೀಬೂಟ್ ಮಾಡಿದ ಮೇಲೆ ಸ್ಪೀಕರ್ ಬರಬಹುದು, ಆದರೆ ಡಿಜಿಟಲ್ ಮೈಕ್ ಹೋಗುತ್ತದೆ, ಏಕೆಂದರೆ ಅದು ಸಾಫ್ ದಾರಿಯಲ್ಲಿ ಮಾತ್ರ ಸಿಗುವಂಥದ್ದು. ಆನ್‌ಲೈನ್ ಕ್ಲಾಸ್, ಇಂಟರ್‌ವ್ಯೂ ಇರುವವರಿಗೆ ಈ ದಾರಿ ಒಳ್ಳೆಯದಲ್ಲ. ಫಲ ಸಿಗದಿದ್ದರೆ ಆ ಫೈಲನ್ನು ಅಳಿಸಿಯೇ ಮುಂದೆ ಹೋಗಿ. ಹಳೆಯ ಪ್ರಯೋಗಗಳ ಸಾಲುಗಳು ಅಲ್ಲೇ ಉಳಿದು ತಿಂಗಳುಗಳ ನಂತರ ಹೊಸ ಕರ್ನಲ್‌ಗೆ ತೊಂದರೆ ಕೊಡುವುದು ನಾನು ಮತ್ತೆ ಮತ್ತೆ ನೋಡುವ ಸಂಗತಿ.

ಹಂತ 4: ಆಲ್ಸಾಮಿಕ್ಸರ್‌ನಲ್ಲಿ ಬಾಯಿ ಬಿಡಿಸುವುದು

ಕಾರ್ಡ್ ಕಂಡಿತು, ಸೌಂಡ್ ಇಲ್ಲ. ಆಲ್ಸಾಮಿಕ್ಸರ್ ಎಂದು ಒಂದೇ ಪದವಾಗಿ ಟೈಪ್ ಮಾಡಿ. ಮಾಸ್ಟರ್ ಎಂಬ ಒಂದೇ ಕಂಬ ಕಾಣುತ್ತದೆ. ಬಹಳ ಜನ ಅದನ್ನು 100ಕ್ಕೆ ಏರಿಸಿ, "ಇದೂ ಆಯ್ತು" ಎಂದು ಮುಚ್ಚಿಬಿಡುತ್ತಾರೆ. ಆ ಕಂಬ ಸೌಂಡ್ ಸರ್ವರ್‌ನದ್ದು, ಕಾರ್ಡಿನದ್ದಲ್ಲ. ಎಫ್6 ಒತ್ತಿ ಪಟ್ಟಿಯಿಂದ ನಿಮ್ಮ ನಿಜವಾದ ಕಾರ್ಡನ್ನು ಆರಿಸಿ. ಆಗ ಮಾಸ್ಟರ್, ಹೆಡ್‌ಫೋನ್, ಸ್ಪೀಕರ್, ಪಿಸಿಎಮ್ ಎಂದು ಹಲವು ಕಂಬಗಳು ಬರುತ್ತವೆ.

ಕಂಬದ ಬುಡದ ಚೌಕದಲ್ಲಿ ಎಮ್ಎಮ್ ಎಂದಿದ್ದರೆ ಅದು ಮ್ಯೂಟ್, ಎರಡು ಸೊನ್ನೆ ಇದ್ದರೆ ತೆರೆದಿದೆ. ಬಾಣದ ಕೀಲಿಯಿಂದ ಅಲ್ಲಿಗೆ ಹೋಗಿ ಎಮ್ ಒತ್ತಿದರೆ ಬದಲಾಗುತ್ತದೆ. ಮಾಸ್ಟರ್ ತೆರೆದಿದ್ದು ಸ್ಪೀಕರ್ ಮುಚ್ಚಿದ್ದರೂ ಸದ್ದಿಲ್ಲ, ನಾಲ್ಕನ್ನೂ ನೋಡಬೇಕು. ಏರಿಸುವಾಗ ಇಯರ್‌ಫೋನ್ ಕಿವಿಯಲ್ಲಿ ಇರಬಾರದು.

ಬಲಕ್ಕೆ ಹೋಗುತ್ತಾ ಹೋದರೆ ಆಟೊ-ಮ್ಯೂಟ್ ಮೋಡ್ ಎಂಬುದು ಸಿಗಬಹುದು. ಇಯರ್‌ಫೋನ್ ಸಿಕ್ಕಿಸಿದ ಕೂಡಲೇ ಸ್ಪೀಕರನ್ನು ಮುಚ್ಚುವುದು ಅದರ ಕೆಲಸ. ಮಕ್ಕಳು ದಿನವೂ ಹೆಡ್‌ಸೆಟ್ ಕಿತ್ತು ಹಾಕುವ ಲ್ಯಾಬುಗಳಲ್ಲಿ ರಂಧ್ರದೊಳಗಿನ ಲೋಹದ ಎಲೆ ಬಾಗಿಹೋಗಿ, ಏನೂ ಸಿಕ್ಕಿಸದಿದ್ದರೂ "ಇಯರ್‌ಫೋನ್ ಇದೆ" ಎಂದೇ ಯಂತ್ರ ತಿಳಿದುಕೊಂಡಿರುತ್ತದೆ. ಆಟೊ-ಮ್ಯೂಟನ್ನು ಡಿಸೇಬಲ್ಡ್ ಮಾಡಿದರೆ ಸ್ಪೀಕರ್ ಮರಳುತ್ತದೆ.

ಎಸ್ಕೇಪ್ ಒತ್ತಿ ಹೊರಬನ್ನಿ. ರೀಬೂಟ್ ಆದ ಮೇಲೆ ಮತ್ತೆ ಮ್ಯೂಟ್ ಆಗುತ್ತಿದ್ದರೆ ಸುಡೊ ಆಲ್ಸಾಸಿಟಿಎಲ್ ಸ್ಟೋರ್ ಎಂದು ಕೊಟ್ಟು ಸ್ಥಿತಿಯನ್ನು ಉಳಿಸಿಡಿ.

ಹಂತ 5: ಸರ್ವರ್ ಬಿಟ್ಟು ನೇರವಾಗಿ ಕಾರ್ಡಿಗೆ

ಈ ಒಂದು ಪರೀಕ್ಷೆ ತೊಡಕನ್ನು ಎರಡು ಹೋಳು ಮಾಡಿಕೊಡುತ್ತದೆ. ದಯವಿಟ್ಟು ಬಿಡಬೇಡಿ. ಬ್ರೌಸರ್, ಪ್ಲೇಯರ್ ಎಲ್ಲ ಮುಚ್ಚಿ, ಸ್ವಲ್ಪ ಕಾದು, ಇದನ್ನು ಓಡಿಸಿ:

ಸ್ಪೀಕರ್-ಟೆಸ್ಟ್ -ಡಿ ಪ್ಲಗ್‌ಎಚ್‌ಡಬ್ಲ್ಯು:0,0 -ಸಿ 2 -ಟಿ ವೇವ್

ಇದರಲ್ಲಿ ಡಿ ದೊಡ್ಡಕ್ಷರ. ವೇವ್ ಎಂದರೆ ಡಬ್ಲ್ಯು, ಎ, ವಿ ಮೂರೇ ಅಕ್ಷರ. 0,0 ಇರುವಲ್ಲಿ ಹಂತ 3ರಲ್ಲಿ ನೀವು ಬರೆದುಕೊಂಡ ಕಾರ್ಡ್ ಮತ್ತು ಡಿವೈಸ್ ನಂಬರು ಹಾಕಿ. ಎಡಬದಿ, ಬಲಬದಿ ಎಂದು ಇಂಗ್ಲಿಷಿನಲ್ಲಿ ಹೇಳುವ ಹೆಣ್ಣುದನಿ ಸರದಿಯಂತೆ ಕೇಳಬೇಕು. ನಿಲ್ಲಿಸಲು ಕಂಟ್ರೋಲ್ ಮತ್ತು ಸಿ.

ದನಿ ಕೇಳಿಸಿದರೆ ಚಿಪ್, ಡ್ರೈವರ್, ಫರ್ಮ್‌ವೇರ್, ಮಿಕ್ಸರ್, ತಂತಿ ಎಲ್ಲವೂ ಸರಿ. ಇನ್ನುಳಿದದ್ದು ಮೇಲಿನ ಸರ್ವರ್ ಮಾತ್ರ. ಕೇಳಿಸದಿದ್ದರೆ ಮೇಲಿನದನ್ನು ಮುಟ್ಟುವುದರಲ್ಲಿ ಅರ್ಥವಿಲ್ಲ. 3 ಮತ್ತು 4ಕ್ಕೆ ಹಿಂದಿರುಗಿ.

"ಡಿವೈಸ್ ಆರ್ ರಿಸೋರ್ಸ್ ಬಿಜಿ" ಎಂದು ಬಂದರೆ ಹೆದರಬೇಡಿ. ಬೇರೆ ಯಾವುದೋ ಪ್ರೋಗ್ರಾಂ ಕಾರ್ಡನ್ನು ಹಿಡಿದುಕೊಂಡಿದೆ, ಅಷ್ಟೇ. ಸುಡೊ ಫ್ಯೂಸರ್ -ವಿ /ಡೆವ್/ಎಸ್‌ಎನ್‌ಡಿ/* ಎಂದು ಕೊಟ್ಟರೆ ಹಿಡಿದಿರುವುದು ಯಾವುದು ಎಂದು ಹೆಸರು ಬರುತ್ತದೆ. ಫ್ಯೂಸರ್ ಎಂದರೆ ಎಫ್, ಯು, ಎಸ್, ಇ, ಆರ್.

ಹಂತ 6: ಪೈಪ್‌ವೈರ್, ಪಲ್ಸ್‌ಆಡಿಯೊ

ಮೊದಲು ನಿಮ್ಮಲ್ಲಿರುವುದು ಯಾವ ಸರ್ವರ್ ಎಂದು ತಿಳಿಯಬೇಕು. ಪಿಎಸಿಟಿಎಲ್ ಇನ್‌ಫೊ ಎಂದು ಕೊಟ್ಟು ಸರ್ವರ್ ನೇಮ್ ಸಾಲು ಓದಿ. ಅದರಲ್ಲಿ ಪೈಪ್‌ವೈರ್ ಹೆಸರು ಇದ್ದರೆ ಪೈಪ್‌ವೈರ್, ಬರೀ ಪಲ್ಸ್‌ಆಡಿಯೊ ಎಂದಿದ್ದರೆ ಹಳೆಯದು. ಫೆಡೋರಾ 34 (2021), ಉಬುಂಟು 22.10 (2022) ಆವೃತ್ತಿಗಳಿಂದ ಪೈಪ್‌ವೈರ್ ತಾನಾಗಿಯೇ ಬರುತ್ತದೆ. ಉಬುಂಟು 22.04ರಲ್ಲಿ ಇನ್ನೂ ಪಲ್ಸ್‌ಆಡಿಯೊ. ಇದನ್ನು ನೋಡದೆ ಹಳೆಯ ಲೇಖನದ ಆಜ್ಞೆಗಳನ್ನು ಹೊಸ ಯಂತ್ರದಲ್ಲಿ ಓಡಿಸುವುದೇ ಅರ್ಧ ಅನಾಹುತಕ್ಕೆ ಕಾರಣ.

ಅದರಲ್ಲೂ ಒಂದು ಸಲಹೆಯನ್ನು ಎಂದೂ ಪಾಲಿಸಬೇಡಿ: ಪಲ್ಸ್‌ಆಡಿಯೊವನ್ನು ಪರ್ಜ್ ಮಾಡಿ (ಸೆಟ್ಟಿಂಗ್ ಸಮೇತ ಕಿತ್ತುಹಾಕಿ) ಮತ್ತೆ ಹಾಕಿ ಎನ್ನುವುದು. ಕೆಲವು ಆವೃತ್ತಿಗಳಲ್ಲಿ ಅದರ ಜೊತೆ ಡೆಸ್ಕ್‌ಟಾಪಿನ ಪ್ಯಾಕೇಜುಗಳೂ ಹೋಗುತ್ತವೆ, ಮರುದಿನ ಲಾಗಿನ್ ಪರದೆಯೇ ಬರುವುದಿಲ್ಲ. ಎಪಿಟಿ ಸಾಮಾನ್ಯವಾಗಿ ತೆಗೆಯಲಿರುವ ಪ್ಯಾಕೇಜುಗಳ ಪಟ್ಟಿ ತೋರಿಸಿಯೇ ಕೇಳುತ್ತದೆ. ಆ ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಎಂಬ ಪದ ಕಂಡರೆ ಬೇಡ ಎಂದು ಹೇಳಿ.

ಪೈಪ್‌ವೈರ್ ಆದರೆ ಸ್ಥಿತಿ ನೋಡಲು ಡಬ್ಲ್ಯುಪಿಸಿಟಿಎಲ್ ಸ್ಟೇಟಸ್ ಎಂದು ಕೊಡಿ. ಸಿಂಕ್ಸ್ ಎಂಬ ತಲೆಬರಹದ ಕೆಳಗೆ ಸೌಂಡ್ ಹೋಗಬಹುದಾದ ಜಾಗಗಳು ನಂಬರಿನೊಂದಿಗೆ ಇರುತ್ತವೆ. ನಕ್ಷತ್ರ ಚಿಹ್ನೆ ಇರುವುದೇ ಈಗ ಸೌಂಡ್ ಹೋಗುತ್ತಿರುವ ಜಾಗ. ನಕ್ಷತ್ರ ಎಚ್‌ಡಿಎಮ್‌ಐ ಎದುರು ಇದ್ದು, ನಿಮ್ಮ ಮಾನಿಟರಿಗೆ ಸ್ಪೀಕರೇ ಇಲ್ಲದಿದ್ದರೆ, ಸೌಂಡ್ ನಿಜವಾಗಿಯೂ ಹೋಗುತ್ತಿದೆ, ಕೇಳಿಸುವ ಜಾಗಕ್ಕೆ ಹೋಗುತ್ತಿಲ್ಲ. ಲ್ಯಾಬ್ ಡೆಸ್ಕ್‌ಟಾಪ್‌ಗಳಲ್ಲಿ ಇದು ಅತಿ ಹೆಚ್ಚು ಕಾಣುವ ಕಾರಣ. ಅನಲಾಗ್ ಸಾಲಿನ ನಂಬರು 52 ಎಂದಿಟ್ಟುಕೊಳ್ಳಿ:

ಡಬ್ಲ್ಯುಪಿಸಿಟಿಎಲ್ ಸೆಟ್-ಡಿಫಾಲ್ಟ್ 52

ಟರ್ಮಿನಲ್ ಬೇಡವೆಂದರೆ ಪಾವುಕಂಟ್ರೋಲ್ ತೆರೆದು ಕಾನ್ಫಿಗರೇಷನ್ ಟ್ಯಾಬಿಗೆ ಹೋಗಿ. ನಿಮ್ಮ ಕಾರ್ಡಿನ ಪ್ರೊಫೈಲ್ ಆಫ್ ಎಂದಿದ್ದರೆ ಅನಲಾಗ್ ಸ್ಟೀರಿಯೊ ಡುಪ್ಲೆಕ್ಸ್ ಆರಿಸಿ. ಎಚ್‌ಡಿಎಮ್‌ಐ ಬೇಡವೇ ಬೇಡ ಎನ್ನುವ ಯಂತ್ರಗಳಲ್ಲಿ ಅದರ ಪ್ರೊಫೈಲನ್ನು ಆಫ್ ಮಾಡಿಬಿಡುವುದು ಒಳ್ಳೆಯದು, ಮತ್ತೆ ಮತ್ತೆ ತಾನೇ ಡಿಫಾಲ್ಟ್ ಆಗುವ ಕಾಟ ತಪ್ಪುತ್ತದೆ.

ಪಟ್ಟಿಯಲ್ಲಿ ಡಮ್ಮಿ ಔಟ್‌ಪುಟ್ ಒಂದೇ ಇದ್ದರೆ ಸರ್ವರ್‌ಗೆ ಯಾವ ಕಾರ್ಡೂ ಸಿಕ್ಕಿಲ್ಲ ಎಂದರ್ಥ. ಹಂತ 5ರಲ್ಲಿ ದನಿ ಕೇಳಿದ್ದರೂ ಇಲ್ಲಿ ಡಮ್ಮಿ ಬಂದರೆ ಸರ್ವರನ್ನು ಮರುಶುರು ಮಾಡಿ:

ಸಿಸ್ಟಮ್‌ಸಿಟಿಎಲ್ --ಯೂಸರ್ ರೀಸ್ಟಾರ್ಟ್ ವೈರ್‌ಪ್ಲಂಬರ್ ಪೈಪ್‌ವೈರ್ ಪೈಪ್‌ವೈರ್-ಪಲ್ಸ್

ಇದರ ಮುಂದೆ ಸುಡೊ ಹಾಕಬಾರದು. ಸೌಂಡ್ ಸರ್ವರ್ ನಿಮ್ಮ ಹೆಸರಿನಲ್ಲಿ ಓಡುತ್ತದೆ, ರೂಟ್ ಹೆಸರಿನಲ್ಲಿ ಅಲ್ಲ. ಅದೂ ಸಾಲದಿದ್ದರೆ ನಿಮ್ಮ ಹೋಮ್ ಫೋಲ್ಡರಿನ .ಲೋಕಲ್/ಸ್ಟೇಟ್ ಒಳಗಿರುವ ವೈರ್‌ಪ್ಲಂಬರ್ ಫೋಲ್ಡರಿನ ಹೆಸರು ಬದಲಿಸಿ ಲಾಗೌಟ್ ಆಗಿ ಬನ್ನಿ. ಹಳೆಯ ಆಯ್ಕೆಗಳ ನೆನಪು ಅದರಲ್ಲಿರುತ್ತದೆ, ಹೊಸದಾಗಿ ತಾನೇ ಹುಟ್ಟಿಕೊಳ್ಳುತ್ತದೆ. ಅಳಿಸುವುದಕ್ಕಿಂತ ಹೆಸರು ಬದಲಿಸುವುದು ಮೇಲು, ಬೇಕಾದರೆ ವಾಪಸು ತರಬಹುದು.

ಬ್ರೌಸರಿನಲ್ಲಿ ಮಾತ್ರ ಸೌಂಡ್ ಇಲ್ಲದಿದ್ದರೆ ವಿಡಿಯೊ ಓಡುತ್ತಿರುವಾಗಲೇ ಪಾವುಕಂಟ್ರೋಲ್‌ನ ಪ್ಲೇಬ್ಯಾಕ್ ಟ್ಯಾಬ್ ನೋಡಿ. ಪ್ರತಿ ಪ್ರೋಗ್ರಾಮಿಗೂ ಅಲ್ಲಿ ಬೇರೆ ವಾಲ್ಯೂಮ್, ಬೇರೆ ಮ್ಯೂಟ್ ಇರುತ್ತದೆ.

ಹಂತ 7: ಮೈಕ್

ಆಲ್ಸಾಮಿಕ್ಸರ್‌ನಲ್ಲಿ ಕಾರ್ಡ್ ಆರಿಸಿ ಎಫ್4 ಒತ್ತಿದರೆ ಮೈಕ್‌ನ ಕಂಬಗಳು ಬರುತ್ತವೆ. ಕ್ಯಾಪ್ಚರ್ ಎಂಬುದರ ಮೇಲೆ ಸ್ಪೇಸ್ ಒತ್ತಿ ಆನ್ ಮಾಡಿ. ಮೈಕ್ ಬೂಸ್ಟ್ ಎಂಬುದನ್ನು ಸೊನ್ನೆಯಲ್ಲೋ ಒಂದು ಮೆಟ್ಟಿಲು ಮೇಲೋ ಇಡಿ, ಪೂರ್ತಿ ಏರಿಸಿದರೆ ಫ್ಯಾನಿನ ಭೋರ್ಗರೆತವೇ ಮಾತಿಗಿಂತ ಜೋರಾಗಿ ಹೋಗುತ್ತದೆ. ಆಮೇಲೆ ಐದು ಸೆಕೆಂಡ್ ಮಾತಾಡಿ ಕೇಳಿಸಿಕೊಳ್ಳಿ:

ಎರೆಕಾರ್ಡ್ -ಎಫ್ ಸಿಡಿ -ಡಿ 5 ಟೆಸ್ಟ್.ವೇವ್
ಎಪ್ಲೇ ಟೆಸ್ಟ್.ವೇವ್

ಎರೆಕಾರ್ಡ್ ಎಂದರೆ ಎ ಅಕ್ಷರ, ಅದಕ್ಕೆ ಅಂಟಿಕೊಂಡು ರೆಕಾರ್ಡ್. ಇಲ್ಲಿ ಡಿ ಸಣ್ಣಕ್ಷರ. ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಮೈಕ್ ಆನ್ ಮಾಡಿದ ಕೂಡಲೇ ಸೌಂಡ್ ಹಳೆಯ ಟೆಲಿಫೋನಿನಂತೆ ಆಗುವುದು ಕೆಡುಕಲ್ಲ, ಕರೆಯ ಮೋಡ್‌ಗೆ ಬದಲಾದಾಗ ಗುಣಮಟ್ಟ ಇಳಿಯುತ್ತದೆ. ತಂತಿಯ ಮೈಕ್ ಬಳಸಿದರೆ ಸರಿಹೋಗುತ್ತದೆ.

ಹಂತ 8: ಸೌಂಡ್ ಇದೆ, ಆದರೆ ಗುಂಯ್‌ಗುಡುತ್ತಿದೆ

ಸ್ಪೀಕರಿನಲ್ಲಿ ಒಂದೇ ಸಮನೆ ಗುಂಯ್ ಎನ್ನುತ್ತಿದ್ದರೆ ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ನೋಡಿ. ಸದ್ದು ನಿಂತರೆ ಅದು ಲಿನಕ್ಸ್ ದೋಷವಲ್ಲ, ಕರೆಂಟಿನದು. ಹಳೆಯ ಕಟ್ಟಡಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇದ್ದರೂ ಒಳಗೆ ಅರ್ತಿಂಗ್ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ತಿಂಗ್ ಸರಿಮಾಡಿಸಿ. ಗುಂಯ್‌ಗುಟ್ಟುವುದು ನಿಲ್ಲಲಿ ಎಂದು ಪ್ಲಗ್ಗಿನ ಅರ್ತ್ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಮಾಡಬೇಡಿ. ಕ್ಯಾಬಿನೆಟ್ ಮುಟ್ಟಿದ ಮಗುವಿಗೆ ಶಾಕ್ ಹೊಡೆಯದಂತೆ ಕಾಯುವುದು ಆ ಪಿನ್ನೇ.

ಪ್ರತಿ ಸಲ ಸೌಂಡ್ ಶುರುವಾಗುವಾಗ ಟಪ್ ಎಂದರೆ, ಅಥವಾ ಮೊದಲ ಅಕ್ಷರ ನುಂಗಿಹೋದರೆ, ಕಾರ್ಡ್ ವಿದ್ಯುತ್ ಉಳಿಸಲು ನಿದ್ದೆಗೆ ಹೋಗುತ್ತಿದೆ. ಹಂತ 3ರಲ್ಲಿ ಹೇಳಿದ ಮಾಡ್‌ಪ್ರೋಬ್.ಡಿ ಫೋಲ್ಡರಿನಲ್ಲಿ ಫೈಲ್ ಮಾಡಿ ಈ ಸಾಲು ಹಾಕಿದರೆ ಡ್ರೈವರ್ ನಿದ್ದೆ ನಿಲ್ಲಿಸುತ್ತದೆ:

ಆಪ್ಷನ್ಸ್ ಎಸ್‌ಎನ್‌ಡಿ_ಎಚ್‌ಡಿಎ_ಇಂಟೆಲ್ ಪವರ್_ಸೇವ್=0

ಹಂತ 9: ಓರ್ಕಾ ಬಳಸುವವರಿಗಾಗಿ

ಕಣ್ಣು ಕಾಣದವರು ಓರ್ಕಾ ಎಂಬ ಪರದೆ ಓದುವ ಪ್ರೋಗ್ರಾಮಿನ ಮೂಲಕ ಲಿನಕ್ಸ್ ಬಳಸುತ್ತಾರೆ. ನಮಗೆ ಸೌಂಡ್ ಹೋದರೆ ವಿಡಿಯೊ ತಪ್ಪುತ್ತದೆ, ಅವರಿಗೆ ಇಡೀ ಕಂಪ್ಯೂಟರೇ ತಪ್ಪುತ್ತದೆ. ಮೇಲಿನ ಆಜ್ಞೆಗಳ ಉತ್ತರವನ್ನು ಓದಿಕೊಳ್ಳಲೂ ಅವರಿಗೆ ಸೌಂಡ್ ಬೇಕು. ಅಂಥವರು ಬಳಸುವ ಪ್ರತಿ ಯಂತ್ರದ ಜೊತೆ ಒಂದು ಯುಎಸ್‌ಬಿ ಸೌಂಡ್ ಕಾರ್ಡ್ ಇಟ್ಟಿರಲೇಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ. ಅದರ ಡ್ರೈವರ್ ಬೇರೆ, ಹಾಗಾಗಿ ಬೋರ್ಡಿನ ಚಿಪ್ ಕೈಕೊಟ್ಟಾಗಲೂ ಅದು ಮಾತಾಡುತ್ತದೆ.

ಓರ್ಕಾ ಮಾತು ಸ್ಪೀಚ್-ಡಿಸ್ಪ್ಯಾಚರ್ ಎಂಬ ಮಧ್ಯವರ್ತಿಗೆ ಹೋಗಿ, ಅಲ್ಲಿಂದ ಇಸ್ಪೀಕ್-ಎನ್‌ಜಿ (ಇ, ಎಸ್, ಪಿ, ಇ, ಎ, ಕೆ, ಅಡ್ಡಗೆರೆ, ಎನ್, ಜಿ) ಎಂಬ ದನಿಗೆ ಹೋಗುತ್ತದೆ. ಇಸ್ಪೀಕ್-ಎನ್‌ಜಿಗೆ ಕನ್ನಡ ಬರುತ್ತದೆ. ತಳದಿಂದಲೇ ಪರೀಕ್ಷಿಸಿ:

ಇಸ್ಪೀಕ್-ಎನ್‌ಜಿ -ವಿ ಕೆಎನ್ "ಶಿರಾ ಬಸ್ಸು ಎಷ್ಟು ಗಂಟೆಗೆ?"

ಉದ್ಧರಣ ಚಿಹ್ನೆಯ ಒಳಗಿನದನ್ನು ಕನ್ನಡದಲ್ಲೇ ಟೈಪ್ ಮಾಡಬೇಕು. ಇದು ಕೇಳಿಸಿ, ಎಸ್‌ಪಿಡಿ-ಸೇ ಎಂಬ ಆಜ್ಞೆಯಲ್ಲಿ ಕೊಟ್ಟ ಮಾತು ಕೇಳಿಸದಿದ್ದರೆ ತೊಡಕು ಸ್ಪೀಚ್-ಡಿಸ್ಪ್ಯಾಚರ್‌ನಲ್ಲಿದೆ. ಎರಡೂ ಕೇಳಿಸಿದರೆ ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಸೂಪರ್ (ವಿಂಡೋಸ್ ಚಿಹ್ನೆಯ ಕೀಲಿ), ಆಲ್ಟ್, ಎಸ್ ಒಟ್ಟಿಗೆ ಒತ್ತಿ ಓರ್ಕಾ ಶುರು ಮಾಡಿ.

ಹೊಸದಾಗಿ ಹಾಕಬೇಕಾದರೆ ಡೆಬಿಯನ್ ಇನ್‌ಸ್ಟಾಲರ್‌ನ ಮೊದಲ ಪರದೆಯಲ್ಲಿ ಎಸ್ ಒತ್ತಿ ಎಂಟರ್ ಕೊಟ್ಟರೆ ಅದು ಮಾತಾಡುತ್ತಲೇ ಹಾಕಿಸುತ್ತದೆ. ಒಂದಕ್ಕಿಂತ ಹೆಚ್ಚು ಕಾರ್ಡ್ ಇದ್ದರೆ ಒಂದೊಂದರಲ್ಲೂ ಮಾತಾಡಿ, ನಿಮಗೆ ಕೇಳಿಸಿದಾಗ ಎಂಟರ್ ಒತ್ತಲು ಹೇಳುತ್ತದೆ. ಜೊತೆಗೆ ಯಾರೂ ಕೂರಬೇಕಾಗಿಲ್ಲ.

ಹಂತ 10: ಇಷ್ಟಾದರೂ ಬರದಿದ್ದರೆ

ಹೊಸ ಆವೃತ್ತಿಯ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಏನನ್ನೂ ಇನ್‌ಸ್ಟಾಲ್ ಮಾಡದೆ, ಹಂತ 5ರ ಪರೀಕ್ಷೆ ಓಡಿಸಿ. ಅಲ್ಲಿ ದನಿ ಬಂದರೆ ನಿಮ್ಮ ಡಿಸ್ಕಿನಲ್ಲಿರುವ ಕರ್ನಲ್ ಅಥವಾ ಫರ್ಮ್‌ವೇರ್ ಹಳೆಯದು, ಇಲ್ಲವೇ ಹಿಂದೆ ಯಾರೋ ಬರೆದಿಟ್ಟ ಸೆಟ್ಟಿಂಗ್ ಅಡ್ಡ ಬರುತ್ತಿದೆ. ಯಂತ್ರ ಅಪ್‌ಡೇಟ್ ಮಾಡಿ, ಮಾಡ್‌ಪ್ರೋಬ್.ಡಿ ಫೋಲ್ಡರಿನಲ್ಲಿ ಸೌಂಡಿನ ಸಾಲುಗಳು ಉಳಿದಿವೆಯೇ ನೋಡಿ. ಲೈವ್‌ನಲ್ಲೂ ಬರದೆ, ವಿಂಡೋಸ್‌ನಲ್ಲೂ ಬರದಿದ್ದರೆ ಹಾರ್ಡ್‌ವೇರ್ ಹೋಗಿದೆ.

ವಿಂಡೋಸ್‌ನಲ್ಲಿ ಬಂದು, ಹೊಸ ಲೈವ್‌ನಲ್ಲಿ ಬರುವುದಿಲ್ಲ ಎಂದಾದರೆ ನಿಮ್ಮ ಮಾಡೆಲ್‌ಗೆ ಕರ್ನಲ್‌ನಲ್ಲಿ ಇನ್ನೂ ಬೆಂಬಲ ಸೇರಿಲ್ಲ. ಆಗ ಯಾರನ್ನಾದರೂ ಸಹಾಯ ಕೇಳುವ ಮುನ್ನ ಆಲ್ಸಾ-ಇನ್‌ಫೊ ಎಂಬ ಪ್ರೋಗ್ರಾಂ ಓಡಿಸಿ. ಡೆಬಿಯನ್, ಉಬುಂಟುಗಳಲ್ಲಿ ಅದು ಆಲ್ಸಾ-ಯುಟಿಲ್ಸ್ ಜೊತೆಗೇ ಬಂದಿರುತ್ತದೆ. ಚಿಪ್, ಡ್ರೈವರ್, ಮಿಕ್ಸರ್ ಸ್ಥಿತಿ ಎಲ್ಲವನ್ನೂ ಅದು ಒಂದು ಫೈಲಿನಲ್ಲಿ ಕೂಡಿಸಿಕೊಡುತ್ತದೆ. "ಸೌಂಡ್ ಬರ್ತಿಲ್ಲ, ಸಹಾಯ ಮಾಡಿ" ಎಂಬ ಸಾಲಿಗೆ ಯಾರೂ ಉತ್ತರ ಕೊಡಲಾರರು. ಆ ಫೈಲ್, ಲ್ಯಾಪ್‌ಟಾಪಿನ ಪೂರ್ತಿ ಮಾಡೆಲ್ ಹೆಸರು, ಯಾವ ಹಂತದಲ್ಲಿ ನಿಂತಿತು ಎಂಬ ವಿವರ, ಈ ಮೂರೂ ಇದ್ದರೆ ಗೊತ್ತಿರುವವರು ಕೂಡಲೇ ದಾರಿ ಹೇಳುತ್ತಾರೆ.

ಅಲ್ಲಿಯವರೆಗೆ ಯುಎಸ್‌ಬಿ ಸೌಂಡ್ ಕಾರ್ಡ್ ಬಳಸಿ. ಯುಎಸ್‌ಬಿ ಆಡಿಯೊ ಕ್ಲಾಸ್ ನಿಯಮ ಪಾಲಿಸುವ ಕಾರ್ಡುಗಳಿಗೆ ಬೇಕಾದ ಡ್ರೈವರ್ ಕರ್ನಲ್‌ನಲ್ಲೇ ಇದೆ, ಸಿ.ಡಿ. ಹಾಕುವ ಕೆಲಸವಿಲ್ಲ. ಅಂಗಡಿಯಲ್ಲಿ ಕೊಳ್ಳುವಾಗ ಡ್ರೈವರ್ ಬೇಡದ ಕಾರ್ಡ್ ಕೊಡಿ ಎಂದು ಕೇಳಿ, ಆದರೆ ಲ್ಯಾಪ್‌ಟಾಪ್ ಜೊತೆಗೊಯ್ದು ಅಲ್ಲೇ ಸಿಕ್ಕಿಸಿ ಎಪ್ಲೇ -ಎಲ್ ಪಟ್ಟಿಯಲ್ಲಿ ಕಂಡ ಮೇಲೆಯೇ ದುಡ್ಡು ಕೊಡಿ. ಮನೆಗೆ ಬಂದು ಹಂತ 6ರಂತೆ ಅದನ್ನು ಡಿಫಾಲ್ಟ್ ಮಾಡಿದರೆ ಕೆಲಸ ನಡೆಯುತ್ತದೆ.